ಬೆಟ್ಟ ತಡವಾಗಿ ಬರುತ್ತದೆ

ಹೌವರ್ದುರ್ ಬಂದದ್ದು ಮಂಗಳವಾರ, ಬಗಲಲ್ಲಿ ಕಂಪ್ಯೂಟರಿನ ಡಬ್ಬ,
ಮೀನಿನ ಪೆಟ್ಟಿಗೆಯ ಹಾಗೆ ಹಗ್ಗ ಬಿಗಿದು.
ನನ್ನ ಮೇಜಿನ ಮೇಲಿಟ್ಟು ಹೇಳಿದ:
'ಕೊನೆಯ ತಿರುವಿನಲ್ಲಿ ಬೆಟ್ಟ ತಡವಾಗಿ ಬರುತ್ತದೆ, ಥೋರ್ದಿಸ್.'

ಈಸಾಫ್ಯೋರ್ದುರ್‌ನಲ್ಲಿ ಬೆಟ್ಟ ತಡವಾಗಬಾರದು.
ಕಡಲು ಒಳನುಗ್ಗಿ ಕೊರೆದ ಓಣಿ ಇದು;
ವಿಮಾನ ತುದಿಯವರೆಗೂ ಬಂದು, ಬಂಡೆಗೆ ರೆಕ್ಕೆ ತೋರಿಸಿ,
ಪೂರ್ತಿ ಹಿಂದಕ್ಕೆ ಹೊರಳಿ ಇಳಿಯಬೇಕು.
ಇಪ್ಪತ್ತಾರು ಚಳಿಗಾಲ ಹಾಗೆ ಹೊರಳಿದವನು:
ಅಂಚೆ, ಔಷಧಿ, ಒಮ್ಮೆ ಎರಡು ಟಗರು,
ಒಮ್ಮೆ ಹೆರಿಗೆ ನೋವು ತಿನ್ನುತ್ತಿದ್ದ ನನ್ನ ಅಕ್ಕ.
ಎಡಗಣ್ಣು ಕೈಕೊಟ್ಟಿತು, ಪರವಾನಗಿ ಹೋಯಿತು.
ಈಗ ಅಡುಗೆಮನೆಯಲ್ಲೇ ಹಾರಾಟ.
ಪೆಡಲಿಗೆ ಕಾಲು ಎಡವಿ ಸಾರು ಚೆಲ್ಲಿತೆಂದು ಹೆಂಡತಿ ಇಡೀ ವಾರ ಬೈದಳಂತೆ.

ಮೂರು ತಿಂಗಳ ಪಿಂಚಣಿ ಸುರಿದು ಹೊಸ ಗ್ರಾಫಿಕ್ಸ್ ಕಾರ್ಡು ತಂದಿದ್ದ.
ಮೋಡಗಳು ಚೆಂದವಾದವು.
ಬೆಟ್ಟ ಮಾತ್ರ ತಡವಾಗಿಯೇ.

ಮುಚ್ಚಳ ತೆಗೆದೆ. ನಾಯಿಯ ಕೂದಲು, ಒಂದು ಗುಂಡಿ,
ಒತ್ತಿಕೊಂಡು ಕೂತ ಎರಡು ಮೆಮೊರಿ ಪಟ್ಟಿ,
ಒಂದೇ ಬಾಗಿಲಲ್ಲಿ ಇಬ್ಬರೂ ನುಗ್ಗುವಂತೆ;
ಪಕ್ಕದ ಬಾಗಿಲು ಹಾರು ಹೊಡೆದಿತ್ತು.
ಮೈಮೇಲೆ ಅಚ್ಚಾದದ್ದು ಮೂರು ಸಾವಿರದ ಆರುನೂರು,
ನಡೆಯುತ್ತಿದ್ದುದು ಎರಡು ಸಾವಿರದ ಚಿಲ್ಲರೆಯಲ್ಲಿ.
ಕಾರ್ಖಾನೆ ಬಿಟ್ಟಂದಿನಿಂದ ಅವಕ್ಕೆ ಯಾರೂ
ಓಡಬಹುದು ಎಂದು ಹೇಳಿರಲೇ ಇಲ್ಲ.

'ನೆನಪಿಗೇನು ಬರವಿಲ್ಲ, ಮೂವತ್ತೆರಡು ಜಿಬಿ ಇದೆ' ಎಂದ.
ಎಷ್ಟಿದೆ ಅನ್ನುವುದಲ್ಲ ಮಾರಾಯ,
ಕೂಗಿದರೆ ಎಷ್ಟು ಬೇಗ ಓಗೊಡುತ್ತದೆ ಅನ್ನುವುದು.
ಪ್ರೊಸೆಸರ್ ಕೈಚಾಚಿ ನಿಂತಿದೆ:
ಬಂಡೆ ಕೊಡು, ಹಿಮ ಕೊಡು, ಅಡ್ಡಗಾಳಿ ಕೊಡು, ರನ್‌ವೇ ದೀಪ ಕೊಡು;
ನೆನಪು ಉಗ್ರಾಣದ ಕತ್ತಲಲ್ಲಿ ಚೀಲ ತಡಕುತ್ತಿದೆ.
ನಿನ್ನ ಮೂರು ತಿಂಗಳ ಪಿಂಚಣಿ
ಜಗಲಿಯಲ್ಲಿ ಕಾಲಾಡಿಸುತ್ತ ಕೂತಿದೆ.

ಪಟ್ಟಿಗಳನ್ನು ಎರಡನೆಯ, ನಾಲ್ಕನೆಯ ಗೂಡಿಗೆ ಬದಲಿಸಿದೆ.
ಬಯಾಸ್ ತೆರೆದು ಒಂದು ಸಾಲನ್ನು ಆನ್ ಮಾಡಿದೆ.
ಅಷ್ಟೇ. ದುಡ್ಡು ಕೇಳಲು ನಾಚಿಕೆಯಾಗುವಷ್ಟು ಕೆಲಸ.

ಅಲ್ಲಿಗೆ ಬಿಡಬೇಕಿತ್ತು.
'ಇನ್ನೊಂಚೂರು?' ಎಂದ. ನನಗೂ ಚಪಲ.
ನಾಲ್ಕು ಸಾವಿರಕ್ಕೆ ಏರಿಸಿದೆ,
ಹದಿನೆಂಟು ಎಣಿಕೆ ಕಾಯುವುದನ್ನು ಹದಿನಾಲ್ಕಕ್ಕೆ ಬಿಗಿದೆ,
ಉಪ್ಪು ಉದುರಿಸಿದಂತೆ ಚಿಟಿಕೆ ವೋಲ್ಟೇಜು.
ಪರದೆ ಕಪ್ಪು. ಫ್ಯಾನು ತಿರುಗಿತು, ನಿಂತಿತು,
ತಿರುಗಿತು, ನಿಂತಿತು.
ಅತಿಯಾಸೆ ಗತಿಗೇಡು. ಗಾದೆಯ ಗತಿಗೆ
ವೇಗ ಎಂಬ ಅರ್ಥವೂ ಇದೆಯೆಂದು ಹೊಳೆದದ್ದು ಆಗ.

ನಾಣ್ಯದಂಥ ಬ್ಯಾಟರಿ ಕಿತ್ತು, ಕಾಫಿ ಕುಡಿದು, ಮತ್ತೆ ಮೊದಲಿನಿಂದ.
ಮೂರು ಸಾವಿರದ ಆರುನೂರೇ ಸಾಕು.
ರಾತ್ರಿಯಿಡೀ ಪರೀಕ್ಷೆಗೆ ಬಿಟ್ಟೆ: ಬರೆ, ಓದು, ಬರೆ, ಓದು.
ಬೆಳಗ್ಗೆ ನೋಡಿದರೆ ಒಂದು ತಪ್ಪು. ಒಂದೇ.
ಒಂದರಿಂದ ಏನು ಮಹಾ ಎಂದು ಬೇರೆಯವರಾದರೆ ಕೇಳುತ್ತಿದ್ದರು.
ಹೌವರ್ದುರ್ ಕೇಳಲಿಲ್ಲ.
'ಇಳಿಸು' ಎಂದ, ಟೋಪಿ ತೆಗೆದು.

ಮೂರು ಸಾವಿರದ ಇನ್ನೂರು. ಎರಡು ರಾತ್ರಿ. ಸೊನ್ನೆ.

ಡಬ್ಬ ಮುಟ್ಟಿಸಲು ನಾನೇ ಹೋದೆ.
ಗುದ್‌ಫಿನ್ನಾ ಸಾರಿನ ಪಾತ್ರೆಯನ್ನು ಮೊದಲೇ ಸರಿಸಿಟ್ಟಿದ್ದಳು.
ಸೆಕೆಂಡಿಗೆ ಇಪ್ಪತ್ತೆರಡಿದ್ದ ಚಿತ್ರ ಈಗ ಮೂವತ್ತೆಂಟು;
ಮೂಲೆಯ ಅಂಕಿಯನ್ನು ಅವನು ನೋಡಲೇ ಇಲ್ಲ.
ಕಡಲ ಮೇಲಿಂದ ಒಳಬಂದ. ಎಡಕ್ಕೆ ಹಿಮ, ಬಲಕ್ಕೆ ಊರು.
ಬೆಟ್ಟ ಎಲ್ಲೂ ಮುಗ್ಗರಿಸದೆ
ನೀರಿನಿಂದ ನೀರಿನಷ್ಟೇ ನುಣ್ಣಗೆ ಎದ್ದು ಬಂತು.

'ಹಳದಿ ಮನೆ ಇಲ್ಲ' ಎಂದ.

ಅದು ನಮ್ಮಜ್ಜಿಯದು. ರಸ್ತೆಗೆಂದು ಕೆಡವಿ ಹನ್ನೊಂದು ವರ್ಷ.
ಆ ಚಾವಣಿ ರೆಕ್ಕೆಯ ಕೆಳಗೆ ಸರಿದಾಗಲೇ ಹೊರಳುವುದು,
ಅದು ಅವನ ಲೆಕ್ಕವಾಗಿತ್ತಂತೆ.

ಪರದೆಯಲ್ಲಿ ಬರೀ ಹುಲ್ಲು.
ಹುಲ್ಲಿನ ಮೇಲೆ, ಸರಿಯಾಗಿ ಅಲ್ಲೇ,
ಅವನ ಕೈ ಹೊರಳಿತು.