ಬುಧವಾರದ ಇಲ್ಲ

ಟೊಲೀಡೊ ಊರಿನ ಗ್ರಂಥಾಲಯದಲ್ಲಿ
ಕಂಪ್ಯೂಟರು ತಲೆಗೊಂದು ಗಂಟೆ.
ಹಿಂದೆ ಜನ ಕಾದಿದ್ದರೆ ಅರ್ಧ.
ಗಡಿಯಾರ ನೋಡುವ ಕೆಲಸ ನನ್ನದು.
ಮೌಸು ಹಿಡಿಯುವುದು ಕಲಿಸಬಹುದು, ಸಲಹೆ ಕೊಡಕೂಡದು:
ನಿಯಮ ಅಚ್ಚಾಗಿ ಕೂತಿದೆ ನನ್ನ ಮೇಜಿನ ಗಾಜಿನಡಿ.

ವೆಂಡೆಲ್ ಕ್ರೌಡರ್ ಬರುವುದು ಸೋಮವಾರ,
ಬಾಗಿಲು ತೆಗೆಯುವ ಮೊದಲೇ.
ಇಪ್ಪತ್ತಾರು ವರ್ಷ ಬಾಟಲಿ ಕಾರ್ಖಾನೆಯ ಕುಲುಮೆ ಕಾದವನು,
ಎಡಹುಬ್ಬು ಇನ್ನೂ ಸರಿಯಾಗಿ ಬೆಳೆದಿಲ್ಲ.
ಒಂದೇ ಬೆರಳಲ್ಲಿ ಒತ್ತುತ್ತಾನೆ,
ಕೀಲಿಗಳು ಬಿಸಿಯಿವೆಯೇನೋ ಎಂಬಂತೆ
ಮುಟ್ಟಿ, ತೆಗೆದು, ಮತ್ತೆ ಮುಟ್ಟಿ.

ಫೆಬ್ರವರಿಯ ಒಂದು ಸೋಮವಾರ ಪರದೆ ಕೇಳಿತು, ಪ್ರತಿವಾರ ಕೇಳುವಂತೆ:
ಕಳೆದ ವಾರ ಪ್ರತಿದಿನವೂ
ಕೆಲಸಕ್ಕೆ ಸಿದ್ಧರಿದ್ದಿರಾ?
ಅವನು ಯೋಚಿಸಿದ.
ಬುಧವಾರ ತಮ್ಮನನ್ನು ಮಣ್ಣು ಮಾಡಿ ಬಂದಿದ್ದ.
ಇಲ್ಲ, ಎಂದು ಒತ್ತಿದ.

ನಾನು ಹಿಂದೆಯೇ ನಿಂತು ಪ್ರಿಂಟರಿಗೆ ಕಾಗದ ತುಂಬುತ್ತಿದ್ದೆ.
ನೋಡಿದೆ.
ನಿಯಮ ಗಾಜಿನಡಿ ಇತ್ತು.

ಅಲ್ಲಿಂದ ಶುರು.
‘ಪರಿಶೀಲನೆಯಲ್ಲಿದೆ’ ಅಂದಿತು ಪರದೆ, ಮಾರ್ಚ್ ಕಳೆಯಿತು.
ಫೋನಿನಲ್ಲಿ ಒಂದೇ ಪಿಟೀಲು, ನಡುನಡುವೆ ಒಂದು ಹೆಣ್ಣುದನಿ:
ನಿಮ್ಮ ಮುಂದೆ ಇನ್ನೂರ ಹನ್ನೊಂದು ಮಂದಿ.
ತೊಂಬತ್ತಕ್ಕೆ ಇಳಿಯುವಷ್ಟರಲ್ಲಿ ಕಟ್.
ಆಮೇಲೆ ಫೋನೇ ಕಟ್.
ಬಾಡಿಗೆಯವನಿಗೆ ಪರಿಶೀಲನೆ ಗೊತ್ತಿಲ್ಲ,
ಹೊಟ್ಟೆಗೆ ಕ್ಯಾಲೆಂಡರು ಗೊತ್ತಿಲ್ಲ.
ಮೇಲ್ಮನವಿಗೆ ಇಪ್ಪತ್ತೊಂದು ದಿನ ಎಂದ ಪತ್ರ
ಕೈಸೇರಿದ್ದು ಹದಿನಾರನೆಯ ದಿನ.
ಅರ್ಜಿ ನಮ್ಮದು, ಮರ್ಜಿ ಅವರದು,
ಅಂಚೆ ಮಾತ್ರ ಯಾರದೂ ಅಲ್ಲ.

ಆ ಹೊತ್ತಿಗೆ ಅವನು ತಮ್ಮನ ಕೋಟು ತೊಟ್ಟು ಬರುತ್ತಿದ್ದ.
ತೋಳು ಗಿಡ್ಡ. ಜೇಬಿನಲ್ಲಿ
ಡೆಲ್ಬರ್ಟ್ ಬಿಟ್ಟುಹೋದ ಪೆಪ್ಪರಮಿಂಟು.
ಒಂದು ನನಗೂ ಕೊಟ್ಟ.
ಬಾಯಿಗೆ ಹಾಕಿಕೊಳ್ಳಲು ಧೈರ್ಯ ಸಾಲದೆ
ಕ್ಲಿಪ್ಪುಗಳ ಡಬ್ಬಿಯಲ್ಲಿಟ್ಟೆ.

ವಿಚಾರಣೆ ಫೋನಿನಲ್ಲೇ.
ಒಂಬತ್ತೂಕಾಲಿನಿಂದ ಹನ್ನೊಂದರೊಳಗೆ ಯಾವಾಗಲಾದರೂ ಕರೆ ಬರಬಹುದು.
ಓದುವ ಕೋಣೆ ಮೂರರಲ್ಲಿ ಕೂರಿಸಿ
ನನ್ನ ಫೋನು ಕೊಟ್ಟೆ. ಇದು ನಿಯಮದಲ್ಲಿರಲಿಲ್ಲ,
ಕೂಡದು ಎಂದೂ ಇರಲಿಲ್ಲ.
ಹತ್ತೂ ಐವತ್ತಕ್ಕೆ ರಿಂಗಾಯಿತು.
ಕೋಣೆಗೆ ಗಾಜಿನ ಗೋಡೆ. ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ.

ಆ ದಿನ ಯಾರಾದರೂ ಕೆಲಸಕ್ಕೆ ಕರೆದಿದ್ದರೆ
ಹೋಗುತ್ತಿದ್ದಿರಾ, ಮಿಸ್ಟರ್ ಕ್ರೌಡರ್?

‘ಗುಂಡಿ ಮುಚ್ಚಿದ ಮೇಲೆ ಬರುತ್ತಿದ್ದೆ, ಮೇಡಂ.
ಗಾಜಿನ ಕುಲುಮೆ ಆರಿಸುವ ಹಾಗಿಲ್ಲ.
ಕ್ರಿಸ್‌ಮಸ್ಸಿಗೂ ಇಲ್ಲ, ನಮ್ಮಪ್ಪ ಸತ್ತಾಗಲೂ ಇಲ್ಲ.
ನಾನು ಅದನ್ನು ತಣ್ಣಗೆ ನೋಡಿದ್ದು
ನಮ್ಮನ್ನು ಮನೆಗೆ ಕಳಿಸಿದ ದಿನ.’

ಆಕೆ ಟೈಪು ಮಾಡುವ ಸದ್ದು.
ತುಂಬ ಹೊತ್ತು ಟೈಪು ಮಾಡುವ ಸದ್ದು.

ಹಣ ಬಂದದ್ದು ಮೇ ಕೊನೆಗೆ, ಒಟ್ಟಿಗೇ,
ಒಂದು ವಾರದ್ದು ಬಿಟ್ಟು.
ಆ ವಾರ ನೀವು ಸಿದ್ಧರಿರಲಿಲ್ಲ, ಎಂದಿತ್ತು ತೀರ್ಪು.
ಇದಕ್ಕೂ ಮೇಲ್ಮನವಿ ಹಾಕಬಹುದು, ಅಂದೆ. ಸಲಹೆಯೇ ಕೊಟ್ಟೆ, ಬಾಯಿಬಿಟ್ಟು.
ಅವನು ತಲೆಯಾಡಿಸಿದ:
‘ಇರಲಿ. ಆ ವಾರ ಡೆಲ್ಬರ್ಟನದು.’

ಮೂವತ್ತನಾಲ್ಕು ಪುಟದ ಪ್ರಿಂಟಿಗೆ, ಪುಟಕ್ಕೆ ಹತ್ತು ಸೆಂಟಿನಂತೆ,
ಬೇಡವೆಂದರೂ ಮೂರು ಡಾಲರು ನಲವತ್ತು ಎಣಿಸಿಟ್ಟ.
ನಾಣ್ಯಗಳು ಬೆಚ್ಚಗಿದ್ದವು.

ಕೆಲಸ ಇನ್ನೂ ಸಿಕ್ಕಿಲ್ಲ.
ಇವತ್ತೂ ಸೋಮವಾರ, ಅದೇ ಕುರ್ಚಿ,
ಕಳೆದ ವಾರ ಪ್ರತಿದಿನವೂ, ಎಂದು ಕೇಳಿದೆ ಪರದೆ.
ಅವನ ಬೆರಳು ಮೇಲೆತ್ತಿದ್ದು ಹಾಗೇ ನಿಂತಿದೆ.

ಪ್ರಿಂಟರಿನ ತುಂಬ ಕಾಗದವಿದೆ.
ಆದರೂ ಒಂದು ಕಟ್ಟು ಎತ್ತಿಕೊಂಡು ಹೋಗಿ
ಅವನ ಹಿಂದೆ ನಿಂತಿದ್ದೇನೆ.