ಇದ್ದಿಲ ಕೈ

ಹೋರ್ಮುಸ್‌ಜಿ ಹೇಳಿದ್ದು:
ರೋಮಿನಾಚೆ ಗುಡ್ಡದಲ್ಲಿ ಇದ್ದಿಲು ಸುಡುವವರು
ರಾತ್ರಿಯಿಡೀ ಹೊಗೆ ಕಾದು, ಹಸಿದು,
ಬೆಂದ ಎಳೆಗಳ ಮೇಲೆ ಮೊಟ್ಟೆ ಒಡೆದು, ಚೀಸು ತುರಿದು
ಕಲಸಿದರಂತೆ. ಬೆರಳ ಸಂದಿನ ಕರಿ ಉದುರಿತಂತೆ.
ಅದಕ್ಕೇ ಹೆಸರು ಕಾರ್ಬೊನಾರಾ,
ಅದಕ್ಕೇ ಕೊನೆಗೆ ಕರಿಮೆಣಸು.

ಪಾತ್ರೆ ತಿಕ್ಕುತ್ತಿದ್ದವ ನಾನು, ಕೈ ನಿಲ್ಲಿಸಿದೆ.

ಬೈಕುಲಾ ಸೇತುವೆಯ ಕೆಳಗೆ
ನನ್ನಪ್ಪ ಐತಪ್ಪನದು ಇದ್ದಿಲ ಅಂಗಡಿ.
ಅಂಗಡಿ ಎಂದರೆ ಒಂದು ತಕ್ಕಡಿ, ನಾಲ್ಕು ಗೋಣಿ,
ಹೊದೆಸಲು ಸಿನಿಮಾದ ಹರಿದ ಬ್ಯಾನರು.
ಇಸ್ತ್ರಿಯವರು, ಭುಟ್ಟಾ ಸುಡುವವರು, ಕಬಾಬಿನವರು
ಬರುತ್ತಿದ್ದರು, ಬಾಕಿ ಹೇಳಿ ಹೋಗುತ್ತಿದ್ದರು.
ಲೆಕ್ಕ ಗೋಡೆಯ ಮೇಲೆ, ಇದ್ದಿಲಿನಲ್ಲೇ,
ಫೋರ್ಟಿನ ರಾತ್ರಿಶಾಲೆಯಲ್ಲಿ ಕಲಿತ ದುಂಡು ಕನ್ನಡ.
ಜೂನ್ ಬಂದರೆ ಗೋಡೆ ಸೋರಿ
ಸಾಲಗಾರರೆಲ್ಲ ಋಣಮುಕ್ತರು.

ಮಧ್ಯಾಹ್ನ ಬುತ್ತಿ ಒಯ್ಯುವುದು ನನ್ನ ಕೆಲಸ.
ಡ್ರಮ್ಮಿನ ನೀರಲ್ಲಿ ಎಷ್ಟು ತೊಳೆದರೂ
ಅವನ ಅನ್ನದ ಮೇಲೆ ಒಂದಿಷ್ಟು ಕಪ್ಪು.
"ಮೆಣಸು ಅಂತ ತಿಳ್ಕೊ" ಅನ್ನುತ್ತ
ನನಗೂ ಒಂದು ತುತ್ತು.
ಹಲ್ಲಿಗೆ ಕರಕ್ ಎಂದದ್ದು
ಮೆಣಸಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಆಮೇಲೊಂದು ಶನಿವಾರ ರೋಮಿನವನೇ ಬಂದ,
ಹಡಗಿನ ಇಂಜಿನಿಯರು. ಎರಡು ತಟ್ಟೆ ಖಾಲಿ ಮಾಡಿ ನಕ್ಕ:
ಇದ್ದಿಲೂ ಇಲ್ಲ, ಗುಡ್ಡವೂ ಇಲ್ಲ.
ಯುದ್ಧ ಮುಗಿದಾಗ ಅಮೆರಿಕದ ಸಿಪಾಯಿಗಳ ಚೀಲದಲ್ಲಿದ್ದದ್ದು
ಮೊಟ್ಟೆಯ ಪುಡಿ, ಉಪ್ಪು ಸವರಿದ ಹಂದಿಮಾಂಸ.
ಯಾರೋ ಅಡುಗೆಯವ ಕೈಗೆ ಸಿಕ್ಕಿದ್ದು ಬೆರೆಸಿದ.
ಅದೂ ಖಾತ್ರಿಯಿಲ್ಲ,
ನನ್ನಜ್ಜಿ ಬೇರೇನೋ ಹೇಳುತ್ತಿದ್ದಳು.

ಹೋರ್ಮುಸ್‌ಜಿ ಮೆನು ಕಾರ್ಡಿನಿಂದ
ಆ ನಾಲ್ಕು ಸಾಲು ಹೊಡೆದುಹಾಕಿದರು.

ಇರಲಿ.
ಈಗ ಒಲೆ ನನ್ನ ಕೈಯಲ್ಲಿದೆ.
ಬೆಂಕಿಯಿಂದ ಇಳಿಸಿದ ಮೇಲೇ ಮೊಟ್ಟೆ ಸುರಿಯಬೇಕು,
ಚೂರು ಅವಸರಪಟ್ಟರೆ ಬುರ್ಜಿ.
ಎಳೆ ಬೆಂದ ನೀರು ಒಂದು ಸೌಟು,
ಹೊಳಪು ಬರುವ ತನಕ ತಿರುವುತ್ತಲೇ ಇರಬೇಕು.
ಕಡೆಗೆ ಮೆಣಸು.
ಯಂತ್ರದಲ್ಲಿ ಪುಡಿ ಮಾಡುವುದಿಲ್ಲ ನಾನು. ಕಲ್ಲಿನಲ್ಲಿ ಜಜ್ಜಿ
ಮೂರು ಬೆರಳಿಂದ ಉದುರಿಸುತ್ತೇನೆ,
ದೊರಗಾಗಿ, ಒಂದೆರಡು ಹಲ್ಲಿಗೆ ಸಿಗುವಂತೆ.

ನಿನ್ನೆ ಗಿರಾಕಿಯೊಬ್ಬರು ತಟ್ಟೆ ವಾಪಸು ಕಳಿಸಿದರು:
ಏನೋ ಕರಕ್ ಅನ್ನುತ್ತದೆ, ಕಲ್ಲೋ ಏನೋ.
ಹೊಸತು ಮಾಡಿ ಕಳಿಸಿದೆ.
ವಾಪಸು ಬಂದದ್ದನ್ನು
ಹಿಂಬಾಗಿಲ ಮೆಟ್ಟಿಲಲ್ಲಿ ಕೂತು
ಕೈಯಲ್ಲೇ ತಿಂದೆ.