ಶಿರಗುಪ್ಪಿ ದಾಟೂದ್ರಾಗ

ಗದಗ ಬಿಡೂವಾಗ ಸಾಹೇಬ್ರು "ಆಗೂದಿಲ್ಲ" ಅಂದಿರ್ತಿದ್ರು.
ಹುಲಕೋಟಿ ಮಿಲ್ಲು ಕಾಣೂ ತನಕ
ಬಿಗಿಯಾಗಿ ಕುಂತಿರ್ತಿದ್ರು, ಗಂಜಿ ಹಾಕಿದ ಅಂಗೀಗತೆ.
ಹಿಂದಿನ ಸೀಟಿನ ಎಡಕ್ಕ ನೀಲಗಂಗವ್ವಾರು
ಎಲಿಸಂಚಿ ಬಿಚ್ಚತಿದ್ರು. ಮಾತಿಲ್ಲ.
ಎಲಿ ಬೆನ್ನಿನ ನಾರು ಉಗುರಿಲೆ ಸೀಳಿ ಎಳದು,
ಸುಣ್ಣ ಹಚ್ಚಿ, ಕಿಡಕ್ಯಾಗ ನೋಡಿ
"ಕಡ್ಲಿ ಹೂ ಬಿಟ್ಟಾವಲ್ಲ" ಅಂತಿದ್ರು.
ಅಷ್ಟ.

ಅಣ್ಣಿಗೇರ್ಯಾಗ ಎಲಿ ಅವರ ಕೈಗೆ.
ನಲವಡಿ ಬರೂದ್ರಾಗ ಬಾಯಿ ಕೆಂಪ, ಒಂದ ಕೆಮ್ಮು.
ಶಿರಗುಪ್ಪಿ ದಾಟೂದ್ರಾಗ
"ನನಗೇನ ಅನಸ್ತದಂದ್ರ..." ಅಂತ ಸುರು ಮಾಡ್ತಿದ್ರು
ಮುಂಜಾನೆ ಅಡಗಿಮನ್ಯಾಗ ಅವ್ವಾರು ಆಡಿದ್ದ ಮಾತ,
ಹಿತ್ತಲದಾಗ ಚಾ ಕುಡಿಯೂವಾಗ ನಾ ಕೇಳಿದ್ದ ಮಾತ,
ಒಂದಕ್ಷರ ಹೆಚ್ಚಿಲ್ಲ, ಕಮ್ಮಿಲ್ಲ.

ಇಪ್ಪತ್ತೆರಡ ವರ್ಷ ಅಂಗೈ ಅಗಲದ ಕನ್ನಡ್ಯಾಗ
ನಾ ರಾಜ್ಯ ನೋಡೀನಿ.
ರೋಣದ ತಹಶೀಲ್ದಾರ ರಾತ್ರೋರಾತ್ರಿ ಬೀದರಕ್ಕ ಹೋದದ್ದು,
ಬೆಟಗೇರಿ ನೇಕಾರ ಓಣಿಗೆ ನಳ ಬಂದದ್ದು,
ಹುಡಿಗ್ಯಾರ ಹಾಸ್ಟೆಲ್ಲಿಗೆ ಒಳಗಿಂದ ಹಾಕೂ ಚಿಲಕ.
ಏಳು ತಿಂಗಳ ತಿರಗಿದ ಆ ಚಿಲಕದ ಫೈಲು
ಒಂದ ಎಲಿಯೊಳಗ ಮುಗೀತು.
ಮಂದಿ "ಸಾಹೇಬರ ಕೃಪೆ" ಅಂತ ಬೋರ್ಡ್ ಬರಸ್ತಿದ್ರು,
ಅವ್ವಾರು ಬೋರ್ಡಿನ ಕಾಗುಣಿತ ತಿದ್ದಸ್ತಿದ್ರು.

ಎಲ್ಲಾ ಒಳ್ಳೇದು ಅಂತ ನಾ ಹೇಳೂದಿಲ್ಲ.
ಒಬ್ಬ ಎಂಜಿನಿಯರನ ಹೇಂತಿ, ಬಗಲಾಗ ಕೂಸು,
ಕಾರಿಗೆ ಕೈ ಹಚ್ಚಿ ನಿಂತಿದ್ಲು.
ಏನ ತಪ್ಪೋ, ಗಂಡನ ಹೆಸರು ಪಟ್ಯಾಗಿಂದ ಹೋಗಿತ್ತು.
"ದಾವಲಸಾಬ, ಗಾಳಿ ಭಾಳ ಐತಿ" ಅಂದ್ರು ಅವ್ವಾರು.
ಗಾಜು ಏರಿಸಿದ್ದು ನಾನ.
ಆಕಿ ಬೆರಳಿನ ಗುರುತು ಹುಬ್ಬಳ್ಳಿ ತನಕ ಜೋಡಿ ಬಂತು,
ಮಾರನೇ ದಿನಾ ಒರಸಿದೆ.

ಸಾಹೇಬ್ರು ಹೋಗಿ ಹದಿನಾಲ್ಕನೇ ದಿನಕ್ಕ
ಬಿಳಿ ಅಂಗಿ ಮಂದಿ ಪಡಸಾಲ್ಯಾಗ:
"ಅನುಕಂಪದ ಗಾಳಿ ಐತ್ರಿ ಅವ್ವಾರ,
ನೀವು ನಿಂತ್ರ ಸಾಕು, ಉಳಿದದ್ದು ನಾವ ನೋಡ್ಕೋತೀವಿ."
'ಉಳಿದದ್ದು' ಅನ್ನೂವಾಗ ಅವರ ಕಣ್ಣು ಫೋಟೋದ ಮ್ಯಾಲಿರಲಿಲ್ಲ.
ಅವ್ವಾರು ಚಾ ಕೊಡಿಸಿದ್ರು. "ನಾಳೆ ಹೇಳ್ತೀನಿ" ಅಂದ್ರು.

ಮಾರನೇ ದಿನಾ ಎಡಕ್ಕ ಅವರೊಬ್ರ.
ಬಲಕ್ಕ ಸೀಟಿನ ತಗ್ಗು ಸಾಹೇಬ್ರ ಅಳತೀದು, ಹಂಗ ಇತ್ತು.
ಅಣ್ಣಿಗೇರಿ ಗೇಟು ಬಿದ್ದಿತ್ತು. ಗೂಡ್ಸ್ ಗಾಡಿ.
ಐವತ್ತೆಂಟು ಡಬ್ಬಿ ಎಣಿಸಿದೆ, ತಿರುಗಿ ನೋಡ್ಲಿಲ್ಲ.
ಹಿಂದ ನಾರು ಸೀಳೂ ಸಪ್ಪಳ.
"ದಾವಲಸಾಬ, ನೀ ಏನಂತಿ?"
ಗೇಟು ಎದ್ದಿತ್ತು. ಗೇರು ತಪ್ಪಿತು.
ಭುಜದ ಬಾಜೂಕ ಒಂದು ಎಲಿ ಬಂತು. ತಗೊಂಡೆ.

ನಲವಡಿ ತನಕ ಅಗದೆ.
ಶಿರಗುಪ್ಪಿ ದಾಟೂದ್ರಾಗ,
"ನನಗೇನ ಅನಸ್ತದಂದ್ರ ಅವ್ವಾರ, ನೀವು ನಿಲ್ಲೂದು ಬ್ಯಾಡ.
ಚಿಲಕಕ್ಕ ಜಗಳಾಡಿದ್ರಲ್ಲ ಹಾಸ್ಟೆಲ್ಲಿನ ಕುಸುಮಾ ಬಾಕಳೆ,
ಅವರನ್ನ ನಿಲ್ಲಸ್ರಿ."
"ಖರೇ ಹೇಳಿದಿ" ಅಂದ್ರು, ಕಿಡಕ್ಯಾಗ ನೋಡಕೋತ.

ಪೇಪರಿನ್ಯಾಗ ಬಂತು: "ಆಪ್ತರ ಸಲಹೆಯ ಮೇರೆಗೆ".
ಆ ಆಪ್ತರು ನಾನ.
ಕುಸುಮಾ ಬಾಯಾರು ಎರಡ ಸಲ ಗೆದ್ರು.
ಈಗೂ ಗಾಡಿ ತೊಳೂವಾಗ ನೆನಸ್ತೀನಿ:
ಆ ಮುಂಜಾನೆ ನಾ ಹಿತ್ತಲದಾಗ ಚಾ ಕುಡಿಯೂವಾಗ
ಅಡಗಿಮನ್ಯಾಗ ಅವ್ವಾರು ಒಬ್ರ ಏನೋ ಮಾತಾಡ್ಕೋತಿದ್ರು,
ಒಗ್ಗರಣಿ ಸಪ್ಪಳದಾಗ ನನಗ ಕೇಳಿಸಿರಲಿಲ್ಲ.
ಕೇಳಿಸಿರಲಿಲ್ಲ ಅಂತ ತಿಳಕೊಂಡೀನಿ.